ಹೆಂಟೆ ಹೊತ್ತ ದೊರೆ

“ನಗಬೇಕಲೇ, ನಗಬೇಕು. ನಿಮಗ ಹೊಸ ಅಪ್ಪ ಬಂದಾನ ಅಂತ ನಾನು ಹೇಳಿದ ಕೂಡ್ಲೇ ಹಲ್ಲು ಕಿಸೀಬೇಕು. ಹೆಣದ ಮನೀಗೆ ಬಂದಂಗ ನಿಂತಾನ ನೋಡು, ಬೋಳಿಮಗ.”

ಹೀಗೆ ಬೈದವನು ಕಣೇಹಾಳಿನ ಹಂಪನಗೌಡನ ಮಗ ಪಂಪಾಪತಿ, ವಯಸ್ಸು ಇಪ್ಪತ್ತಮೂರು. ಬೈಸಿಕೊಂಡವನು ಹೊಲಗೇರಿಯ ಕುಳವಾಡಿ ಉಚ್ಚೀರಪ್ಪ, ವಯಸ್ಸು ಐವತ್ತರ ಮೇಲೆ. ಜಾಗ, ಊರ ಶಾಲೆಯ ಹಿಂದಿನ ಬೇವಿನ ಮರದ ಬುಡ. ಹೊಲಗೇರಿಯವರು ಶಾಲೆಯ ಮುಂದುಗಡೆಯಿಂದ ಬಂದರೆ ಸರಸ್ವತಿ ಎದ್ದು ಹೋಗುತ್ತಾಳೆಂದು ಊರಿನ ನಂಬಿಕೆ. ಹಿಂದುಗಡೆಯಿಂದ ಬಂದರೆ ಆಕೆಗೆ ಕಾಣುವುದಿಲ್ಲವಂತೆ, ಅದಕ್ಕೇ ನಾಟಕದ ಅಭ್ಯಾಸ ಅಲ್ಲಿ ನಡೆದಿತ್ತು.

ಉಚ್ಚೀರಪ್ಪನ ತಲೆಗೆ ಹುಂಜದ ಪುಕ್ಕಗಳ ಪಟ್ಟಿ. ಮುಖಕ್ಕೆ ಕೆಮ್ಮಣ್ಣು. ಕೊರಳಲ್ಲಿ ಡಾಲ್ಡಾ ಡಬ್ಬಿಯ ಮುಚ್ಚಳ, ದಾರಕ್ಕೆ ಪೋಣಿಸಿದ್ದು. ಅವನ ಹಿಂದೆ ಅದೇ ವೇಷದಲ್ಲಿ ಕೇರಿಯ ಹನ್ನೊಂದು ಗಂಡಸರು. ಇವರೆಲ್ಲ ಅಮೇರಿಕಾದ ಕೆಂಪು ಇಂಡಿಯನ್ನರು, ಉಚ್ಚೀರಪ್ಪ ಇವರ ದೊರೆ. ಕಣೇಹಾಳಿನಲ್ಲಿ ಹೊಲೆಯನೊಬ್ಬ ದೊರೆಯಾದದ್ದು ಅದೇ ಮೊದಲು, ಅದೂ ರಾಜ್ಯ ಕಳಕೊಳ್ಳಲಿಕ್ಕೆ.

ಉಚ್ಚೀರಪ್ಪ ಹಲ್ಲು ಕಿಸಿದ. “ಹಿಂಗ್ರ್ಯಾ ಧಣಿ?”

“ಅದು ನಗು ಅಲ್ಲಲೇ, ಹಲ್ಲುಬ್ಯಾನಿ,” ಎಂದ ಪಂಪಾಪತಿ. ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ ಗೌಡನ ಕಡೆಯ, ಬಿಳಿಯರ ಪಾತ್ರದವರು ಹೊಟ್ಟೆ ಹಿಡಿದು ನಕ್ಕರು.

ಇದೆಲ್ಲ ಶುರುವಾದದ್ದು ದಿಲ್ಲಿಯಲ್ಲಿ. ಸಾವಿರದೊಂಬೈನೂರ ಐವತ್ತಮೂರನೇ ಇಸವಿ, ಅಕ್ಟೋಬರ್ ಒಂದಕ್ಕೆ ಮದರಾಸಿನಿಂದ ಒಡೆದು, ಕರ್ನೂಲು ರಾಜಧಾನಿಯಾಗಿ ಆಂಧ್ರ ರಾಜ್ಯ ಹುಟ್ಟಬೇಕಾಗಿತ್ತು. ಅದಕ್ಕೆಂದು ಬಳ್ಳಾರಿ ಜಿಲ್ಲೆಯನ್ನು ಅಲ್ಲಿ ಕೂತವರು ಬದನೆಕಾಯಿ ಹೆಚ್ಚಿದ ಹಾಗೆ ಹೆಚ್ಚಿದರು. ಬಳ್ಳಾರಿ ಮೈಸೂರಿಗೆ ಬಿತ್ತು, ಆದೋನಿ ಆಂಧ್ರಕ್ಕೆ ಬಿತ್ತು. ಆದೋನಿಯ ಜೊತೆಗೆ ಕಣೇಹಾಳೂ ಹೋಯಿತು, ಕಣೇಹಾಳಿನ ಎಮ್ಮೆಗಳೂ ಹೋದವು. ಎಮ್ಮೆಗಳನ್ನು ಯಾರೂ ಕೇಳಲಿಲ್ಲ. ಹೊಲಗೇರಿಯನ್ನು ಕೇಳುವುದಂತೂ ದೂರದ ಮಾತು, ಯಾಕೆಂದರೆ ಎಮ್ಮೆ ಹಾಲಾದರೂ ಕೊಡುತ್ತದೆ.

ಪಂಪಾಪತಿ ಮದರಾಸಿನಲ್ಲಿ ಮೂರು ವರ್ಷ ಓದಿ, ಪಾಸಾಗದೆ, ಗುಂಗುರು ಕ್ರಾಪು ಮತ್ತು ಒಂದು ಬಣ್ಣದ ಪತ್ರಿಕೆ ತಂದಿದ್ದ. ಪತ್ರಿಕೆ ಪುಕ್ಕಟೆಯದು, ಅಮೇರಿಕಾದವರು ಹಂಚುವಂಥದು. ತಮ್ಮ ದೇಶ ಒಂದೇ ಏಟಿಗೆ ಎರಡರಷ್ಟು ದೊಡ್ಡದಾಗಿ ಸರಿಯಾಗಿ ನೂರೈವತ್ತು ವರ್ಷವಾಯಿತೆಂದು ಆ ಸಲ ಅವರು ಚಿತ್ರಗಳ ಸಮೇತ ಸಂಭ್ರಮಪಟ್ಟಿದ್ದರು. ಹೊಸ ರಾಜ್ಯ ಹುಟ್ಟುವ ದಿನಕ್ಕೆ ಇದೇ ತಕ್ಕ ಆಟ ಎಂದು ಪಂಪಾಪತಿಗೆ ಹೊಳೆಯಿತು. ಆದೋನಿಯಿಂದ ಹೊಸ ಸರ್ಕಾರದ ಸಾಹೇಬರೊಬ್ಬರು ಜೀಪಿನಲ್ಲಿ ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಮುಂದೆ ಎಲೆಕ್ಷನ್ನಿಗೆ ನಿಲ್ಲುವ ದಾರಿ ಸಲೀಸಾಗುತ್ತದೆಂಬ ಲೆಕ್ಕವೂ ಅವನಿಗಿತ್ತು.

ಆಟದ ಕಥೆ ಹೀಗೆ. ಅಮೇರಿಕಾ ಆಗಿನ್ನೂ ಚಡ್ಡಿ ಹಾಕುವ ವಯಸ್ಸಿನ ದೇಶ. ಮನುಷ್ಯರೆಲ್ಲ ಸಮಾನರು ಎಂದು ಬರೆದುಕೊಂಡಿತ್ತು. ಹಾಗೆಂದು ಬರೆದಾತನೇ ಅಧ್ಯಕ್ಷನಾಗಿದ್ದ, ಅವನ ಹೊಲದಲ್ಲಿ ದುಡಿಯುವವರು ಮಾತ್ರ ದನಗಳಂತೆ ಅವನ ಸ್ವತ್ತಾಗಿದ್ದರು. ಈ ಸಂಗತಿ ಬಣ್ಣದ ಪತ್ರಿಕೆಯಲ್ಲಿ ಇರಲಿಲ್ಲ. ಅಧ್ಯಕ್ಷನಿಗೆ ಮಿಸ್ಸಿಸಿಪ್ಪಿ ಎಂಬ ಹೊಳೆಯ ಬಾಯಲ್ಲಿದ್ದ ಒಂದು ಪಟ್ಟಣ ಬೇಕಾಗಿತ್ತು. ಕೇಳಲಿಕ್ಕೆ ಹೋದರೆ ಫ್ರಾನ್ಸಿನ ದೊರೆ, ಯುದ್ಧದ ಖರ್ಚಿಗೆ ತಿಣುಕುತ್ತಿದ್ದವನು, ಪಟ್ಟಣವೇನು, ಹೊಳೆಯಾಚೆಯ ಸೀಮೆಯನ್ನೆಲ್ಲ ತಗೊಂಡು ಹೋಗಿ ಎಂದ. ಆ ಸೀಮೆಯನ್ನು ಮಾರಿದವನೂ ಕಂಡಿರಲಿಲ್ಲ, ಕೊಂಡವನೂ ಕಂಡಿರಲಿಲ್ಲ. ಕಂಡಿದ್ದವರು ಅಲ್ಲಿ ಹುಟ್ಟಿ ಬೆಳೆದ ಇಂಡಿಯನ್ನರು, ಅವರನ್ನು ಕೇಳುವ ರೂಢಿ ಇರಲಿಲ್ಲ. ಹೀಗೆ ನೆಲ ಕೊಳ್ಳಬಹುದೆಂದು ನಮ್ಮ ಕಾನೂನಿನಲ್ಲಿ ಎಲ್ಲಿದೆ ಎಂದು ಅವರ ಸಭೆಯಲ್ಲಿ ಕೆಲವರು ಕೇಳಿದರು, ಕೊಳ್ಳಬಾರದೆಂದು ಎಲ್ಲಿದೆ ಎಂದು ಉಳಿದವರು ಕೇಳಿದರು. ಉಳಿದವರೇ ಹೆಚ್ಚಿದ್ದರು. ಆಮೇಲೆ ದುರ್ಬೀನು ಹಿಡಿದ ಇಬ್ಬರು ಅಲ್ಲಿಗೆ ಹೋಗಿ, ಇಂಡಿಯನ್ನರ ದೊರೆಗಳ ಕೊರಳಿಗೆ ಅಧ್ಯಕ್ಷನ ಮುಖವಿದ್ದ ಬೆಳ್ಳಿಯ ಬಿಲ್ಲೆ ಕಟ್ಟಿ, ಇನ್ನು ಮೇಲೆ ಇವನೇ ನಿಮ್ಮ ತಂದೆ ಎಂದು ಹೇಳಿ ಬಂದರು. ಆ ನೆಲ ಪೂರ್ತಿ ಕೈಗೆ ಬರಲು ನಿಜದಲ್ಲಿ ಎಷ್ಟೋ ವರ್ಷ ಹಿಡಿಯಿತು, ಎಷ್ಟೋ ಹೆಣ ಬಿದ್ದವು. ಪಂಪಾಪತಿ ಅದನ್ನೆಲ್ಲ ಒಂದು ದೃಶ್ಯದಲ್ಲಿ ಮುಗಿಸಿದ್ದ. ಕೆಂಪು ದೊರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ತನ್ನ ಮಂದಿಯನ್ನು ಕರೆದುಕೊಂಡು ಪಡುವಲಿಗೆ ನಡೆದುಬಿಡುವುದು.

ಅಧ್ಯಕ್ಷನ ಪಾತ್ರ ಪಂಪಾಪತಿಯದೇ. ಫ್ರಾನ್ಸಿನ ದೊರೆ ಊರ ಲೆಕ್ಕ ಬರೆಯುವ ಕರಣಂ ರಾಯರ ತಮ್ಮ. ಮಿಕ್ಕ ಬಿಳಿಯರೆಲ್ಲ ಗೌಡನ ನೆಂಟರು, ಒಬ್ಬೊಬ್ಬರೂ ರೊಟ್ಟಿ ಹಂಚಿನ ಬಣ್ಣದವರು. ಅವರನ್ನು ಬೆಳ್ಳಗೆ ಮಾಡಲಿಕ್ಕೆಂದೇ ಆದೋನಿಯಿಂದ ಎರಡು ಸೇರು ಸಫೇದ ತರಿಸಲಾಗಿತ್ತು.

ಅಭ್ಯಾಸ ಮುಗಿಸಿ ಉಚ್ಚೀರಪ್ಪ ಗುಡಿಸಲಿಗೆ ಬಂದಾಗ ಹೆಂಡತಿ ಭೀಮಕ್ಕ ಸಜ್ಜೆ ಕುಟ್ಟುತ್ತಿದ್ದಳು. ಗಂಡನ ಕೊರಳಿನ ಮುಚ್ಚಳ ನೋಡಿ ಒನಕೆ ನಿಲ್ಲಿಸಿದಳು.

“ಇದೇನು ಕಟ್ಯಾರ ಕೊಳ್ಳಾಗ? ಎತ್ತಿಗೆ ಗಂಟಿ ಕಟ್ಟಿದಂಗ.”

“ಹೊಸ ಅಪ್ಪನ ಮಕ ಅಂತ ಇದು. ಕೊಳ್ಳಾಗ ಬಿದ್ದ ಮ್ಯಾಲೆ ನಾವು ಅವನ ಮಕ್ಕಳಂತ.”

“ನಿನ್ನ ವಯಸ್ಸಿಗೆ ಹೊಸ ಅಪ್ಪ ಬೇಕಾಗಿತ್ತೇನು? ಇದ್ದ ಒಬ್ಬ ಅಪ್ಪನ್ನ ಸಾಕಾಕ ಆಗದ ಗೌಡನ ಎತ್ತಿನ ಹಿಂದ ಸಾಯಿಸಿದ್ರಿ.” ಮತ್ತೆ ಒನಕೆ ಎತ್ತಿದಳು. “ಮೊನ್ನೆ ತನಕ ಇಂಗ್ಲಿಷರು ಅಪ್ಪ ಆಗಿದ್ರು. ನಿನ್ನೆ ಮದರಾಸಿನವರು. ನಾಳಿಗೆ ಕರ್ನೂಲಿನವರು. ಒಬ್ಬನಾದ್ರೂ ಊರ ಬಾವ್ಯಾಗ ಒಂದು ಕೊಡ ನೀರು ಸೇದಾಕ ಬಿಟ್ಟಾನೇನು, ಕೇಳು ನಿನ್ನ ಮುಚ್ಚಳಾನ.”

ಉಚ್ಚೀರಪ್ಪ ಮುಚ್ಚಳ ತೆಗೆದು ಗೂಟಕ್ಕೆ ಹಾಕಿದ. ಅವಳ ಬಾಯಿಗೆ ಅವನು ಎಂದೂ ಎದುರು ನಿಂತವನಲ್ಲ. ಕಾಲು ಚಾಚಿ ಕೂತು, ಇವತ್ತು ಒಂದು ವಿಚಿತ್ರವಾಯಿತು ಎಂದು ಶುರುಮಾಡಿದ.

ಎಂಟು ದಿನದಿಂದ ಹೆಬ್ಬೆಟ್ಟಿನ ಅಭ್ಯಾಸವೂ ನಡೆದಿತ್ತು. ಹಳೇ ಪಂಚಾಂಗದ ಹಾಳೆಯ ಮೇಲೆ ಉಚ್ಚೀರಪ್ಪ ಬಲಗೈ ಹೆಬ್ಬೆಟ್ಟು ಒತ್ತುತ್ತಿದ್ದ. ಬಲಗೈಯಾದರೆ ನೋಡುವವರಿಗೆ ಚೆನ್ನಾಗಿ ಕಾಣುತ್ತದೆಂದು ಪಂಪಾಪತಿಯೇ ಹೇಳಿಕೊಟ್ಟಿದ್ದ. ಇವತ್ತು ಕರಣಂ ರಾಯರು ಸ್ವತಃ ಬಂದು ನೋಡಿ, “ಎಡಗೈದು ಒತ್ತಲೇ, ಎಡಗೈದು. ಮಸಿ ಹರಡದಂಗ ಸಾಪಾಗಿ ಒತ್ತು,” ಎಂದು ಮೂರು ಸಲ ಒತ್ತಿಸಿದ್ದರು.

“ಆಟದ ಹೆಬ್ಬಟ್ಟಿಗೆ ಎಡ ಏನು, ಬಲ ಏನು?” ಎಂದ ಉಚ್ಚೀರಪ್ಪ.

ಭೀಮಕ್ಕನ ಒನಕೆ ಮತ್ತೆ ನಿಂತಿತು. ಓದು ಬಾರದವರಿಗೆ ಒಂದು ಅಕ್ಷರ ಮಾತ್ರ ಚೆನ್ನಾಗಿ ಬರುತ್ತದೆ, ಅದು ಹೆಬ್ಬೆಟ್ಟು. ಸರ್ಕಾರದ ಕಾಗದ ಎಡಗೈಯನ್ನೇ ಕೇಳುತ್ತದೆಂದು ಹೊಲಗೇರಿಯ ಕೂಸಿಗೂ ಗೊತ್ತು.

ಈ ಹೆಬ್ಬೆಟ್ಟಿನ ಹಿಂದೆ ಆರು ಎಕರೆ ಎರೆಹೊಲವಿತ್ತು. ಹಳ್ಳದ ದಂಡೆಯ ಕುಳವಾಡಿ ಮಾನ್ಯ. ಊರಿನ ಎಲ್ಲೆ ಕಾಯುವ ಕೆಲಸಕ್ಕೆಂದು ಯಾವ ಕಾಲದಲ್ಲೋ ಉಚ್ಚೀರಪ್ಪನ ಹಿರಿಯರಿಗೆ ಬಂದದ್ದು. ಹೆಸರು ಅವನೊಬ್ಬನದು, ಉಣ್ಣುವವರು ಹನ್ನೆರಡು ಮನೆ. ವರ್ಷದ ನಾಲ್ಕು ತಿಂಗಳು ಆ ಕೇರಿ ಗೌಡನ ಅಂಗಳಕ್ಕೆ ಹೋಗದೆ ಉಣ್ಣುತ್ತಿತ್ತೆಂದರೆ ಆ ಹೊಲದಿಂದ. ಹಂಪನಗೌಡನ ಬಾವಿಯೂ ಹೊಸ ಎಣ್ಣೆ ಇಂಜಿನ್ನೂ ಅದಕ್ಕೆ ಅಂಟಿಕೊಂಡೇ ಇದ್ದವು. ಅಂಟಿಕೊಂಡಿದ್ದವು ಎಂಬುದು ಮರ್ಯಾದೆಯ ಮಾತು. ಇಂಜಿನ್ನಿನ ಕೋಣೆಯ ಅರ್ಧ ಮಾನ್ಯದ ಒಳಗೇ ಕೂತಿತ್ತು. ಹೊಸ ಸರ್ಕಾರ ಇಂಥ ಮಾನ್ಯಗಳನ್ನೆಲ್ಲ ಉಳುವವರ ಹೆಸರಿಗೆ ಬರೆದುಕೊಡುತ್ತದಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಗೌಡನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೊಲ ಬಿಡೆಂದು ಮೂರು ಸಲ ಕರೆದು ಕೇಳಿದ್ದ, ಒಂದು ಸಲ ಸೇಂದಿ ಕುಡಿಸಿ, ಒಂದು ಸಲ ಬೈದು, ಒಂದು ಸಲ ಉಚ್ಚೀರಪ್ಪನನ್ನು ಕಣದ ಮೇಟಿಗೆ ಕಟ್ಟಿಸಿ. ಮೂರು ಸಲವೂ ಉಚ್ಚೀರಪ್ಪ, “ಹನ್ನೆರಡು ಮನೀದು ಧಣಿ, ನನ್ನದೊಂದೇ ಬಟ್ಟು ಹೆಂಗ ಒತ್ತಲಿ?” ಎಂದು ತಲೆ ಬಗ್ಗಿಸಿ ನಿಂತಿದ್ದ.

ಮರುದಿನ ಭೀಮಕ್ಕ ಎಂದಿನಂತೆ ಗೌಡನ ಕೊಟ್ಟಿಗೆಗೆ ಸೆಗಣಿ ಬಾಚಲು ಹೋದಳು. ಪಡಸಾಲೆಯಲ್ಲಿ ಹಂಪನಗೌಡ ಎಲೆಯಡಿಕೆ ಮೆಲ್ಲುತ್ತಿದ್ದ. ಕರಣಂ ರಾಯರು ಛಾಪಾ ಕಾಗದ ಹಿಡಿದು ಓದುತ್ತಿದ್ದರು. ಅವಳನ್ನು ನೋಡಿ ಇಬ್ಬರೂ ಹುಷಾರಾಗಿ ತೆಲುಗಿಗೆ ತಿರುಗಿಕೊಂಡರು. ಭೀಮಕ್ಕನ ತವರು ದೇವನಕೊಂಡ, ಅವಳು ಹುಟ್ಟಿದ ಮೇಲೆ ಮೊದಲು ಅತ್ತದ್ದೇ ತೆಲುಗಿನಲ್ಲಿ. ಇಪ್ಪತ್ತೆಂಟು ವರ್ಷ ತಮ್ಮ ಕೊಟ್ಟಿಗೆ ಬಾಚಿದವಳ ತವರು ಯಾವುದೆಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಅವಳು ಸೆಗಣಿಯನ್ನು ನಿಧಾನವಾಗಿ ಬಾಚಿದಳು.

ಕಾಗದ ರಾಜೀನಾಮೆಯದು. ಕಣೇಹಾಳಿನ ಕುಳವಾಡಿ ಮಾನ್ಯ ಆರು ಎಕರೆಯನ್ನು ಉಚ್ಚೀರಪ್ಪನೆಂಬ ನಾನು ಸ್ವಂತ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಬಿಟ್ಟ ಹೊಲವನ್ನು ಮರುದಿನವೇ ಗೌಡ ದರಖಾಸ್ತು ಹಾಕಿ ತನ್ನ ಹೆಸರಿಗೆ ಮಾಡಿಕೊಳ್ಳುವುದು. ಸಾಹೇಬರ ಕಣ್ಣೆದುರಿಗೇ ಒತ್ತಿದ ಹೆಬ್ಬೆಟ್ಟನ್ನು ನಾಳೆ ಯಾವ ಮಗ ಸುಳ್ಳೆನ್ನುತ್ತಾನೆ ಎಂದು ಗೌಡ ನಕ್ಕ. ತೊಡೆ ತಟ್ಟಿಕೊಂಡು, ಮಗನ ಓದಿಗೆ ಹಾಕಿದ ಖರ್ಚು ಇವತ್ತು ಕೈಗೆ ಬಂತು ಎಂದ.

ಆ ಮಧ್ಯಾಹ್ನ ಕೇರಿಯ ಹನ್ನೆರಡು ಮನೆಯವರೂ ಹುಣಸೆಮರದ ಕೆಳಗೆ ಕೂತರು. ಭೀಮಕ್ಕ ಕೇಳಿದ್ದನ್ನೆಲ್ಲ ಹೇಳಿದಳು.

“ಆಟಕ್ಕ ಹೋಗೋದು ಬ್ಯಾಡ,” ಎಂದ ಯಂಕಣ್ಣ. ಆಟದಲ್ಲಿ ಅವನು ಸತ್ತು ಬೀಳುವ ಇಂಡಿಯನ್.

“ಹೋಗದಿದ್ರ ಬಿಡ್ತಾರೇನು? ಎಳಕೊಂಡು ಹೋಗಿ ಬೆರಳು ಮುರದು ಒತ್ತಿಸ್ತಾರ. ಆವಾಗ ನೋಡಾಕ ಸಾಹೇಬನೂ ಇರಂಗಿಲ್ಲ,” ಎಂದಳು ಯಂಕಣ್ಣನ ತಾಯಿ ಪಕೀರಮ್ಮ.

ಗೌಡನ ಮನೆಯಲ್ಲಿ ಜೀತಕ್ಕಿದ್ದ ಮಾರೆಪ್ಪ ಒಂದು ಪಕ್ಕಕ್ಕೆ ಕೂತು ಕಡ್ಡಿಯಿಂದ ನೆಲ ಗೀರುತ್ತಿದ್ದ. ಅವನ ಮುಖ ಯಾರೂ ನೋಡಲಿಲ್ಲ. ಮಾನ್ಯದ ಸರ್ವೆ ಕಲ್ಲುಗಳನ್ನು ಗೌಡನ ಮಾತಿಗೆ ಕಿತ್ತು ಹದಿನೈದು ಹೆಜ್ಜೆ ಒಳಕ್ಕೆ ನೆಟ್ಟ ಕೈ ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. ಹೊಟ್ಟೆ ಮಾಡಿದ ಕೆಲಸಕ್ಕೆ ಕೈಯನ್ನು ಬೈದು ಏನು ಫಲ ಎಂದು ಬಿಟ್ಟಿದ್ದರು.

ಉಚ್ಚೀರಪ್ಪ ಎದ್ದು ನಿಂತ. “ನಾಳಿಗೆ ಹೋಗಾಣ. ನಾನು ಹೆಂಟಿ ಹೊರತೀನಿ.”

ಊರಿನಲ್ಲಿ ಹೆಂಟೆ ಹೊತ್ತು ಇಪ್ಪತ್ತಾರು ವರ್ಷವಾಗಿತ್ತು.

ಹಳೆಯ ಪದ್ಧತಿ ಅದು. ಎಲ್ಲೆಯ ಜಗಳ ಬಂದಾಗ ಕುಳವಾಡಿ ಮಿಂದು, ಒದ್ದೆಬಟ್ಟೆಯಲ್ಲಿ, ಅದೇ ಹೊಲದ ಹಸಿ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯ ಗುಂಟ ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ಗೌಡರಾಗಲಿ ಕರಣಂ ಆಗಲಿ, ಚಪ್ಪಲಿ ಬಿಟ್ಟು ಅವನ ಹಿಂದೆ ನಡೆಯಬೇಕು. ಹೆಂಟೆ ತಲೆಯ ಮೇಲಿರುವ ತನಕ ಅವನನ್ನು ಯಾರೂ ತಡೆಯುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಮುಟ್ಟಿದವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲವೆಂದು ಊರಿನ ಭಯ. ಮುಟ್ಟಬಾರದವನನ್ನು ಮುಟ್ಟಬಾರದೆಂದು ಮತ್ತೊಂದು ಕಟ್ಟಳೆ ಮಾಡಿದವನ ಜಾಣತನವನ್ನು ಮೆಚ್ಚಬೇಕು. ಸರ್ಕಾರದ ಸರ್ವೆ ಕಲ್ಲು ಬಂದ ಮೇಲೆ ಹೆಂಟೆಯ ಕೆಲಸ ಕಡಿಮೆಯಾಯಿತು. ಕಲ್ಲಿನ ಗುಣ ಒಳ್ಳೆಯದು, ಕಿತ್ತು ಎಲ್ಲಿ ನೆಟ್ಟರೂ ಅಲ್ಲೇ ತೆಪ್ಪಗೆ ನಿಲ್ಲುತ್ತದೆ.

ಅಕ್ಟೋಬರ್ ಒಂದರ ಮಧ್ಯಾಹ್ನ ಮೂರು ಗಂಟೆಗೆ ಸಾಹೇಬರ ಜೀಪು ಬಂತು. ಕರಾವಳಿಯ ಕಡೆಯ ಮನುಷ್ಯ, ಈ ಸೀಮೆಗೆ ಹೊಸಬ. ಬಿಸಿಲಿಗೆ ಕರವಸ್ತ್ರ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂತ. ಸಂಜೆಗೆ ಮುಂಚೆ ಆದೋನಿ ಮುಟ್ಟಬೇಕೆಂದು ಕೂತ ಕೂಡಲೇ ಗಡಿಯಾರ ನೋಡಿಕೊಂಡ. ಮೇಷ್ಟ್ರು ಹಾಲಸ್ವಾಮಿ ಅವನ ಪಕ್ಕ ನಿಂತು ಕನ್ನಡದ ಮಾತನ್ನೆಲ್ಲ ತೆಲುಗಿಗೆ ತಿರುಗಿಸಿ ಹೇಳುತ್ತಿದ್ದರು. ಹಂಪನಗೌಡ ಭಾಷಣ ಮಾಡಿ, ಇಂದಿನಿಂದ ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದ. ಒಂದೇ ತಾಯಿಯ ಮಕ್ಕಳಲ್ಲಿ ಅರ್ಧ ಮಂದಿ ಜಮಖಾನದ ಮೇಲೆ ಕೂತಿದ್ದರು. ಇನ್ನರ್ಧ ಮಂದಿ ಮುಳ್ಳುಬೇಲಿಯ ಆಚೆ ನಿಂತಿದ್ದರು.

ಆಟ ಸುಸೂತ್ರವಾಗಿ ನಡೆಯಿತು. ಫ್ರಾನ್ಸಿನ ದೊರೆ ಮಾತು ಮರೆತು ಎರಡು ಸಲ ಕೆಮ್ಮಿದ. ಬಿಳಿಯರ ಸಫೇದ ಬೆವರಿಗೆ ಇಳಿದು ಅಂಗಿಯ ಕೊರಳೆಲ್ಲ ಬೆಳ್ಳಗಾಯಿತು. ಕೆಂಪು ಇಂಡಿಯನ್ನರನ್ನು ವೇದಿಕೆಗೆ ಹತ್ತಿಸಲಿಲ್ಲ, ಅದು ಶಾಲೆಯ ಜಗಲಿ. ಅವರು ಕೆಳಗೆ ನೆಲದ ಮೇಲೆ ನಿಂತೇ ದೇಶ ಕಳಕೊಳ್ಳಬೇಕಾಗಿತ್ತು. ಯಂಕಣ್ಣ ಗುಂಡು ತಗಲಿ ಬಿದ್ದು ಸತ್ತ, ಮಂದಿ ಚಪ್ಪಾಳೆ ತಟ್ಟಿದರು, ಅವನು ಎದ್ದು ಕೈ ಮುಗಿದು ಮತ್ತೆ ಸತ್ತ.

ಕೊನೆಯ ದೃಶ್ಯ ಬಂತು. ಅಧ್ಯಕ್ಷ ಪಂಪಾಪತಿ ಜಗಲಿಯ ತುದಿಗೆ ಬಂದು ಕಾಗದ ಚಾಚಿದ. ಪಂಚಾಂಗದ ಹಾಳೆಯ ಬದಲು ಛಾಪಾ ಕಾಗದ. ಕರಣಂ ರಾಯರು ವೇಷವಿಲ್ಲದೆಯೇ ಮಸಿಯ ಡಬ್ಬಿ ಹಿಡಿದು ಹಿಂದೆ ನಿಂತಿದ್ದರು.

“ಎಲೈ ಕೆಂಪು ದೊರೆಯೇ, ಈ ಭೂಮಿ ಇನ್ನು ನಮ್ಮದು. ನಿನ್ನ ಒಪ್ಪಿಗೆಯ ಮುದ್ರೆ ಒತ್ತು,” ಎಂದ ಪಂಪಾಪತಿ.

ಉಚ್ಚೀರಪ್ಪ ಕೈ ಚಾಚಲಿಲ್ಲ. ಜಮಖಾನದ ಮೇಲಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. “ಆಗ್ಲಿ ಧಣಿ. ಭೂಮಿ ಕೊಡಾಕ ಬಂದೀನಿ. ಕೊಡೋದಂದ್ರ ಎಷ್ಟು ಕೊಡ್ತೀನಿ ಅಂತ ಹತ್ತು ಮಂದಿಗೆ ಗೊತ್ತಾಗಬೇಕಲ್ರಿ. ನಮ್ಮ ಕಡೀಗೆ ಎಲ್ಲೆ ನಡದು ತೋರಸ್ತೀವಿ. ತೋರಿಸಿ ಬಂದು ಒತ್ತತೀನಿ.”

“ಇದು ಆಟದಾಗ ಇಲ್ಲಲೇ,” ಎಂದು ಪಂಪಾಪತಿ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅಷ್ಟರಲ್ಲಿ ಭೀಮಕ್ಕ ಬೇಲಿ ದಾಟಿ ಬಂದಿದ್ದಳು. ತುಂಬಿದ ಕೊಡದ ಅರ್ಧ ನೀರನ್ನು ಗಂಡನ ತಲೆಯ ಮೇಲೆ ಸುರಿದಳು. ಹುಂಜದ ಪುಕ್ಕ ಮುದುಡಿದವು, ಕೆಮ್ಮಣ್ಣು ಎದೆಯ ಮೇಲೆ ಹರಿಯಿತು. ತಂದಿದ್ದ ಬುಟ್ಟಿಯಿಂದ ಕುಂಬಳಕಾಯಿಯಷ್ಟು ದೊಡ್ಡ ಎರೆಮಣ್ಣಿನ ಹೆಂಟೆ ಎತ್ತಿ ಪುಕ್ಕದ ಪಟ್ಟಿಯ ನಡುವೆ ಕೂರಿಸಿದಳು. ಬೇಲಿಯಾಚೆ ನಿಂತಿದ್ದ ಮುದುಕರು ತಾವೇ ತಾವಾಗಿ ಚಪ್ಪಲಿ ಬಿಟ್ಟರು. ಜಮಖಾನದ ಮೇಲಿನ ಗೌಡರ ಪೈಕಿ ಇಬ್ಬರು ವಯಸ್ಸಾದವರು ಎದ್ದು ನಿಂತು, ಯಾಕೆ ಎದ್ದೆವೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದೇಮಿಟಿ?” ಎಂದು ಸಾಹೇಬ ಕೇಳಿದ. ಹಾಲಸ್ವಾಮಿ ಮೇಷ್ಟ್ರು ಗೌಡನ ಕಡೆ ಒಮ್ಮೆ ನೋಡಿದರು, ನೆಲ ನೋಡಿದರು, ಆಮೇಲೆ ಅದು ಏನು ಎಂತು ಎಂದು ಪೂರ್ತಿ ವಿವರಿಸಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಮಾಡಿದ ಒಂದೇ ಒಂದು ತಪ್ಪು ಅದು, ಅವರ ಪುಣ್ಯಕ್ಕೆ.

“ಭಲೇ, ಭಲೇ. ಚಾಲಾ ಬಾಗುಂದಿ,” ಎಂದ ಸಾಹೇಬ. ಅಮೇರಿಕಾದ ಕಥೆಗೆ ನಮ್ಮ ನೆಲದ ಪದ್ಧತಿ ಜೋಡಿಸಿದ್ದಾರೆ, ನಿಮ್ಮ ಹುಡುಗನ ತಲೆ ಚುರುಕು ಎಂದು ಗೌಡನ ಬೆನ್ನು ತಟ್ಟಿ, ಬೂಟು ಬಿಚ್ಚಿ ಉಚ್ಚೀರಪ್ಪನ ಹಿಂದೆ ತಾನೇ ಮೊದಲು ಹೊರಟ. ಸಾಹೇಬ ಮೆಚ್ಚಿದ್ದನ್ನು ಬೇಡವೆನ್ನಲು ಬರುತ್ತದೆಯೇ? ಹಂಪನಗೌಡ ಬಿಸಿ ತುಪ್ಪ ಬಾಯಲ್ಲಿಟ್ಟವನ ಹಾಗೆ ನುಂಗಲೂ ಆರದೆ ಉಗುಳಲೂ ಆರದೆ ಜೋಡು ಬಿಟ್ಟು ಹಿಂದೆ ನಡೆದ. ಅವನ ಹಿಂದೆ ಸಫೇದ ಸುರಿಸುವ ಅಧ್ಯಕ್ಷ, ಫ್ರಾನ್ಸಿನ ದೊರೆ, ಛಾಪಾ ಕಾಗದ ಸಮೇತ ಕರಣಂ ರಾಯರು. ಇಡೀ ಊರು ಒಬ್ಬ ಕುಳವಾಡಿಯ ಬೆನ್ನು ನೋಡಿಕೊಂಡು ಹಳ್ಳದ ಕಡೆ ಹೊರಟಿತು.

ಮಾನ್ಯದ ಮೂಡಲ ಮೂಲೆಯಿಂದ ಉಚ್ಚೀರಪ್ಪ ಎಲ್ಲೆ ಹಿಡಿದ. ಈ ನೆಲವನ್ನು ಅವನ ಕಾಲು ಮರೆತಿರಲಿಲ್ಲ. ಸರ್ವೆ ಕಲ್ಲು ಎದುರಾಯಿತು. ಅದನ್ನು ಅವನು ನೋಡಲೇ ಇಲ್ಲ, ದಾಟಿ ಗೌಡನ ಕಡಲೆಕಾಯಿ ಬೆಳೆಯೊಳಗೆ ಹದಿನೈದು ಹೆಜ್ಜೆ ಹೋಗಿ ಅಲ್ಲಿ ತಿರುಗಿದ. ಸಾಹೇಬ ನಿಂತು ಕಲ್ಲನ್ನು ನೋಡಿದ, ಉಚ್ಚೀರಪ್ಪನನ್ನು ನೋಡಿದ.

“ಕಲ್ಲು ಇಲ್ಲಿ ಐತಿ, ಅವನು ಅಲ್ಲಿ ಹೋಗ್ತಾನಲ್ಲ?” ಎಂದು ಮೇಷ್ಟ್ರ ಮೂಲಕ ಕೇಳಿಸಿದ.

“ಮುದುಕ ಅದಾನ್ರಿ, ಕಣ್ಣು ಕಾಣಂಗಿಲ್ಲ,” ಎಂದ ಗೌಡ.

ಆಗ ಕೆಂಪು ಇಂಡಿಯನ್ನರ ಸಾಲಿನಿಂದ ಮಾರೆಪ್ಪ ಹೊರಗೆ ಬಂದ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ಕೈ ಹಾಕಿ ಅಲುಗಿಸಿದ. ಆಳವಾಗಿ ನೆಟ್ಟ ಕಲ್ಲಲ್ಲ, ಹಲ್ಲಿನಂತೆ ಕಿತ್ತು ಬಂತು. ಹೆಗಲಿಗೇರಿಸಿಕೊಂಡು, “ಇದನ್ನ ಇಲ್ಲಿ ನೆಟ್ಟಾವ ನಾನು. ಗೌಡ್ರು ನೆಡು ಅಂದ್ರು, ನೆಟ್ಟೆ. ನಾಕೂ ಕಲ್ಲು ನಾನೇ ನೆಟ್ಟೀನಿ,” ಎಂದು ಯಾರನ್ನೂ ನೋಡದೆ ಹೇಳಿ, ಉಚ್ಚೀರಪ್ಪನ ಹಿಂದೆ ಹೋಗಿ ಅದರ ಹಳೇ ಜಾಗದಲ್ಲಿ ಇಟ್ಟ.

“ಮಾರ್ಯಾ, ಸೂಳೇಮಗನ, ನಿನ್ನ ಚರ್ಮ ಸುಲಿಸಿ ಮೆಟ್ಟು ಹೊಲಿಸ್ತೀನಿ,” ಎಂದ ಗೌಡ. ಇಷ್ಟು ಹೊತ್ತು ಸಾಹೇಬರ ಮುಂದೆ ಅವನು ಬಳಸುತ್ತಿದ್ದ ಭಾಷೆ ಇದಾಗಿರಲಿಲ್ಲ.

ಉಚ್ಚೀರಪ್ಪ ನಡೆಯುತ್ತಲೇ ಇದ್ದ. ಇಂಜಿನ್ನಿನ ಕೋಣೆ ಬಂತು. ಸುತ್ತಿ ಹೋಗುತ್ತಾನೆಂದು ಮಂದಿ ಎಣಿಸಿದ್ದರು. ಅವನು ಬಾಗಿಲೊಳಗೆ ನುಗ್ಗಿ, ಅತ್ತ ಕಡೆಯ ಬಾಗಿಲಿನಿಂದ ಹೊರಗೆ ಬಂದ. ಆ ಕೋಣೆಯೊಳಗೆ ಹೊಲಗೇರಿಯ ಕಾಲು ಬಿದ್ದದ್ದು ಅದೇ ಮೊದಲು. ಅರವತ್ತು ಮಂದಿ ಸಾಲಾಗಿ ಅವನ ಹಿಂದೆ ಒಳಗೆ ಹೋಗಿ ಹೊರಗೆ ಬಂದರು.

ಸಾಹೇಬನಿಗೆ ಆಟ ಎಲ್ಲಿ ಮುಗಿಯಿತೆಂದು ಅಲ್ಲಿ ತಿಳಿಯಿತು. ಕರಣಂ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಮೇಷ್ಟ್ರಿಂದ ಓದಿಸಿಕೊಂಡ. ಮುಖ ಗಂಟು ಹಾಕಿ ವಾಪಸು ಕೊಟ್ಟ. ತನಗೆಂದು ಗೌಡನ ಮನೆಯಲ್ಲಿ ಕೋಳಿ ಕುಯ್ದಿದ್ದಾರೆಂಬ ಸಂಗತಿಯನ್ನೂ ಅವನು ಬಲ್ಲ. ಬೂಟು ತರಿಸಿ ಹಾಕಿಕೊಂಡು, ಇದು ನ್ಯಾಯಾಲಯಕ್ಕೆ ಸೇರಿದ ವಿಷಯ, ಎರಡು ಕಡೆಯವರೂ ಅರ್ಜಿ ಕೊಡಲಿ, ಹೊಸ ಸರ್ಕಾರ ಎಲ್ಲರದ್ದು ಎಂದು ಹೇಳಿ ಜೀಪು ಹತ್ತಿದ. ಧೂಳು ಇಳಿಯುವ ತನಕ ಹೊಸ ಸರ್ಕಾರ ಕಾಣುತ್ತಿತ್ತು.

ಉಚ್ಚೀರಪ್ಪ ಹೊರಟ ಮೂಲೆಗೆ ಬಂದು ನಿಂತಿದ್ದ. ಎಲ್ಲೆ ಮುಗಿದಿತ್ತು. ಪದ್ಧತಿಯ ಪ್ರಕಾರ ಹೆಂಟೆಯನ್ನು ಇನ್ನು ಅಲ್ಲಿ ಇಳಿಸಬೇಕು. ಹಂಪನಗೌಡ ಎದುರಿಗೆ ಬಂದ. ಅವನ ಹಿಂದೆ ಏಳೆಂಟು ಬಿಳಿಯರು ಬೇಲಿಯ ಜಾಲಿಕೋಲು ಮುರಿದು ಹಿಡಿದಿದ್ದರು.

“ಮುಗೀತಲ್ಲ ನಿನ್ನ ಮೆರವಣಿಗೆ? ಇಳಸು,” ಎಂದ ಗೌಡ ಮೆತ್ತಗೆ. “ಇಳಸಲೇ ಉಚ್ಚೀರಾ, ಇಳಿಸಿದ ಮ್ಯಾಲೆ ಕುಂತು ಮಾತಾಡಾಣ.”

ಉಚ್ಚೀರಪ್ಪ ಕೋಲುಗಳನ್ನು ನೋಡಿದ. ಹೆಂಟೆಯನ್ನು ಇಳಿಸಲಿಲ್ಲ.

“ಇಳಸ್ತಿಯೋ ಇಲ್ಲೋ?”

“ಇರ್ಲಿ ಬಿಡ್ರಿ ಧಣಿ. ಭಾರ ಏನಿಲ್ಲ,” ಎಂದ ಉಚ್ಚೀರಪ್ಪ.

ಅದು ಸುಳ್ಳು. ಒದ್ದೆ ಎರೆಮಣ್ಣು ಕಲ್ಲಿಗಿಂತ ಭಾರ. ಗೌಡ ನಕ್ಕು ಮೂಲೆಯ ಹುಣಸೆಮರವೊಂದರ ಬೇರಿನ ಮೇಲೆ ಕೂತ. ಕೋಲಿನವರೂ ಬದುವಿನ ಮೇಲೆ ಕೂತರು. ಎಷ್ಟು ಹೊತ್ತು ಹೊರುತ್ತಾನೆ, ಕತ್ತೇನು ಕಬ್ಬಿಣದ್ದೇ, ನೋಡೇಬಿಡೋಣ ಎಂದು ಎಲೆಯಡಿಕೆ ತೆಗೆದರು. ಪಂಪಾಪತಿ ಛಾಪಾ ಕಾಗದದಿಂದ ಗಾಳಿ ಬೀಸಿಕೊಂಡ. ಬಿಸಿಲು ಓರೆಯಾಯಿತು. ಹೆಂಟೆ ಒಣಗುತ್ತ ಬಂದು ಅಂಚಿನಿಂದ ಪುಡಿ ಉದುರಿ ಉಚ್ಚೀರಪ್ಪನ ಕಣ್ಣೊಳಗೆ ಬೀಳುತ್ತಿತ್ತು. ಯಂಕಣ್ಣ ಒರೆಸಲು ಹೋದರೆ, ಮುಟ್ಟಬೇಡ ಎಂದ. ಕತ್ತಿನ ನರ ಹಗ್ಗದಂತೆ ಎದ್ದು ಕುಣಿಯತೊಡಗಿತು. ಒಂದು ಸಲ ಹೆಂಟೆ ವಾಲಿತು. ಬದುವಿನ ಮೇಲಿದ್ದವರು ಎದ್ದರು. ಅವನು ಸಾವರಿಸಿಕೊಂಡ, ಅವರು ಮತ್ತೆ ಕೂತರು.

ಭೀಮಕ್ಕ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಗಂಡ ಇನ್ನು ಹತ್ತು ಎಣಿಸುವುದರೊಳಗೆ ಬೀಳುತ್ತಾನೆಂದು ಅವಳಿಗೆ ತಿಳಿಯಿತು. ಅವಳಿಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಿಗೆ ಸಿಟ್ಟು ಬಂದಿತ್ತು. ಕೊಡದಲ್ಲಿ ಉಳಿದಿದ್ದ ನೀರನ್ನು ತನ್ನ ತಲೆಯ ಮೇಲೆ ಸುರಿದುಕೊಂಡು ಹೋಗಿ ಗಂಡನ ಎದುರು ನಿಂತಳು.

“ಬಗ್ಗು,” ಎಂದಳು. “ಇಲ್ಲಿ ಕೊಡು.”

“ಹೆಣ್ಣು ಹೊರೋದು ಇಲ್ಲ,” ಎಂದ ಉಚ್ಚೀರಪ್ಪ. ಅವನ ತುಟಿ ಒಡೆದಿತ್ತು.

“ಸೆಗಣಿ ಹೊರೋದು ಐತಿ, ಕಟಿಗಿ ಹೊರೋದು ಐತಿ, ಇವರ ಹೇಲು ಹೊರೋದು ಐತಿ. ಮಣ್ಣು ಹೊರೋದು ಮಾತ್ರ ಇಲ್ಲೇನು? ಬಗ್ಗು.”

ಹೆಂಟೆ ಒಂದು ತಲೆಯಿಂದ ಇನ್ನೊಂದಕ್ಕೆ ಜಾರಿತು, ನೆಲ ಮುಟ್ಟಲಿಲ್ಲ. ಉಚ್ಚೀರಪ್ಪ ಅಲ್ಲೇ ಕುಸಿದ. ಕೋಲಿನವರು ಅವನ ಕಡೆ ಓಡಿ ಬಂದರು. ಕೇರಿಯ ಹನ್ನೊಂದು ಇಂಡಿಯನ್ನರೂ ಅವನ ಸುತ್ತ ಒಬ್ಬರಿಗೊಬ್ಬರು ತಾಗಿಕೊಂಡು ಕೂತುಬಿಟ್ಟರು. ಮೊದಲ ಏಟು ಮಾರೆಪ್ಪನಿಗೆ ಬಿತ್ತು. ಅವನು ಕೂತಲ್ಲಿಂದ ಏಳಲಿಲ್ಲ.

“ಏ ರಂಡೆ, ಅಪಚಾರ ಐತಿ, ಊರು ಹಾಳಾಗತೈತಿ,” ಎಂದು ಗೌಡ ಕೂಗಿದ. “ಇಳಸು ಅದನ್ನ.”

“ಮುಟ್ಟಿ ಇಳಸು ಬಾ,” ಎಂದಳು ಭೀಮಕ್ಕ.

ಗೌಡ ಎರಡು ಹೆಜ್ಜೆ ಮುಂದೆ ಬಂದ. ಒದ್ದೆ ಸೀರೆಯ ಆ ಹೆಂಗಸನ್ನೂ ಅವಳ ತಲೆಯ ಮೇಲಿನ ಮಣ್ಣನ್ನೂ ನೋಡಿದ. ಅವನ ಕೈ ಎದ್ದಿತ್ತು, ಅಲ್ಲೇ ನಿಂತಿತು. ಅವಳು ಅವನಿಗೆ ಬೆನ್ನು ತಿರುಗಿಸಿ ಮೂಡಲ ಮೂಲೆಯಿಂದ ಎರಡನೇ ಸುತ್ತಿಗೆ ಹೆಜ್ಜೆ ಇಟ್ಟಳು. ಹಿಂದೆ ಏಟುಗಳ ಸದ್ದು ಕೇಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ, ತಿರುಗಿದರೆ ಹೆಂಟೆ ಬೀಳುತ್ತಿತ್ತು.

ಬೇಲಿಯ ಬಳಿ ಪಕೀರಮ್ಮ ಮೂರನೇ ಸುತ್ತಿಗೆಂದು ಹಳ್ಳದಿಂದ ನೀರು ತಂದು ತಲೆ ತೋಯಿಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಕೇರಿಯ ಹುಸೇನಮ್ಮ ಸೀರೆಯ ಕಚ್ಚೆ ಬಿಗಿದಳು, ಅವಳ ಹಿಂದೆ ಶಂಕರಮ್ಮ ಕೂದಲಿನ ಗಂಟು ಬಿಚ್ಚಿ ನೆತ್ತಿಯನ್ನು ಅಂಗೈಯಿಂದ ತಟ್ಟಿ ಸಮ ಮಾಡಿಕೊಂಡಳು.